ಬಾನೆಟ್ಟಿನೊಳಗಿನ ಹಳದಿ ಸುತ್ತು

ಹುಮನಾಬಾದಿನಲ್ಲಿ ಹೆದ್ದಾರಿಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ತಗಡಿನ ಅಂಗಡಿಯೊಂದಿತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಈ ಯುಗಾದಿಗೆ ಮೊದಲೇ ಅದರ ಬಾಗಿಲು ಮುಚ್ಚಿತು, ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಕಾರು, ಜೀಪುಗಳ ಟೇಪಿನಲ್ಲಿ ಹಾಡಿನ ಹಿಂದೆ ಕುಂಯ್ ಎಂದೋ ಗುರ್ ಎಂದೋ ಬೇಡದ ಸದ್ದು ಬರುತ್ತದಲ್ಲ, ಅದನ್ನು ಹುಡುಕಿ ತೆಗೆಯುವುದೇ ಆ ಅಂಗಡಿಯ ಮುಖ್ಯ ಕೆಲಸ. ಮಾಡುತ್ತಿದ್ದವರು ಒಬ್ಬ ಹೆಣ್ಣುಮಗಳು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದು ಫೋನಿನಲ್ಲಿ ಕೇಳಿದಾಗ, ಬರಿ, ಆದರೆ ಹೆಸರು ಬೇಡ ಎಂದರು. ಅಂಗಡಿಗೇ ಇಡದ ಹೆಸರನ್ನು ಕಾಗದದ ಮೇಲೆ ಯಾಕೆ ಇಡುತ್ತಾರೆ?

ನಾನು ಬಸವಕಲ್ಯಾಣದ ಗೃಹಿಣಿ. ಕಿರಾಣಿ ಚೀಟಿಗಿಂತ ಉದ್ದವಾದದ್ದನ್ನು ಬರೆದವಳಲ್ಲ. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಶಿವ ಕೊಟ್ಟದ್ದನ್ನು ಬೆರಳು ಮಡಿಸಿ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಒಂದು. ನಳಕ್ಕೆ ನೀರು ಬಂತು, ಎರಡು. ಯಜಮಾನರು ಊಟದ ಹೊತ್ತಿಗೆ ಮನೆಗೆ ಬಂದರು, ಮೂರು. ಈ ಮೂರನೆಯ ಬೆರಳು ಇಂದಿಗೂ ಮಡಿಯುತ್ತಿದ್ದರೆ ಅದರಲ್ಲಿ ಅಕ್ಕನ ಪಾಲು ದೊಡ್ಡದು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಮೊದಲು ಲಾರಿ ಓಡಿಸುತ್ತಿದ್ದರು. ಹೈದರಾಬಾದಿನಿಂದ ಮುಂಬೈಗೆ, ಮುಂಬೈಯಿಂದ ಮತ್ತೆಲ್ಲಿಗೋ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹಬ್ಬ. ಆಮೇಲೆ ಏಳು ಸೀಟಿನ ಹಳೆಯ ಗಾಡಿಯೊಂದನ್ನು ತೆಗೆದುಕೊಂಡು, ದಿನಾ ಮುಂಜಾನೆ ಬಸವಕಲ್ಯಾಣದಿಂದ ಹುಮನಾಬಾದಿಗೆ ನೌಕರಿಗೆ ಹೋಗುವವರನ್ನು ಕರೆದೊಯ್ದು ಸಂಜೆ ಕರೆತರತೊಡಗಿದರು. ನಾಲ್ವರು ಮಾಸ್ತರರು, ಒಬ್ಬ ನರ್ಸಬಾಯಿ, ಒಬ್ಬ ಬ್ಯಾಂಕಿನವರು. ಎಲ್ಲರೂ ಕಾಯಂ ಮಂದಿ. ಆ ದಾರಿಯಲ್ಲಿ ಗಾಡಿಗಳೇನು ಕಡಿಮೆ ಇರಲಿಲ್ಲ. ಇವರು ನಮ್ಮ ಗಾಡಿ ಹಿಡಿದದ್ದು ಟೇಪಿನ ಸಲುವಾಗಿ. ಹಿಂದಿನ ಮಾಲೀಕ ಸೀಟಿನ ಕೆಳಗೆ ಆಂಪ್ಲಿಫೈಯರಿನ ಪೆಟ್ಟಿಗೆ ಇಟ್ಟು ಒಳ್ಳೆಯ ಸ್ಪೀಕರು ಹಾಕಿಸಿದ್ದ. ಮುಂಜಾನೆ ವಾರ್ತೆ, ಭಜನೆ, ಸಂಜೆ ಹಳೆಯ ಹಾಡು. ಮುಕ್ಕಾಲು ತಾಸಿನ ದಾರಿ ತಿಳಿಯುತ್ತಲೇ ಇರಲಿಲ್ಲವಂತೆ.

ಒಂದು ವರ್ಷ ಕಳೆಯುವುದರೊಳಗೆ ಆ ಟೇಪಿನಲ್ಲಿ ಸಣ್ಣ ಸೀಟಿ, ಸಿಳ್ಳೆಯಂಥ ಸದ್ದು, ಸುರುವಾಯಿತು. ಗಾಡಿ ನಿಂತಿದ್ದರೆ ಸಣ್ಣಗೆ, ಆಕ್ಸಲರೇಟರ್ ಒತ್ತಿದರೆ ಅದೂ ಏರುತ್ತಿತ್ತು. ಕಾಲು ತೆಗೆದರೆ ಇಳಿಯುತ್ತಿತ್ತು. ಕಿವಿಯ ಹತ್ತಿರ ಸೊಳ್ಳೆ ಸುತ್ತಿದ ಹಾಗೆ. ಯಜಮಾನರು ಎರಡು ಅಂಗಡಿ ತಿರುಗಿದರು. ಒಬ್ಬ ಸ್ಪೀಕರು ಬದಲಿಸಿದ. ಇನ್ನೊಬ್ಬ ವೈರಿಗೆ ಫಿಲ್ಟರ್ ಅಂತ ಒಂದು ಡಬ್ಬಿ ಕೂಡಿಸಿದ. ಎರಡು ದಿನ ಕಡಿಮೆಯಾದಂತೆ ಆಗಿ ಸೀಟಿ ತಿರುಗಿ ಬಂತು. ಒಂದು ಶುಕ್ರವಾರ ಮಾಸ್ತರರಲ್ಲಿ ಹಿರಿಯರಾದ ಹೆಡ್‌ಮಾಸ್ತರರು ಇಳಿಯುವಾಗ ಮೆತ್ತಗೆ ಹೇಳಿದರಂತೆ, ಸೋಮವಾರದ ತನಕ ನೋಡುತ್ತೇವೆ, ತಲೆ ಹಿಡಿಯುತ್ತಿದೆ, ಇಲ್ಲದಿದ್ದರೆ ಬೇರೆ ಗಾಡಿ ಗೊತ್ತು ಮಾಡಿದ್ದೇವೆ ಎಂದು. ಆರು ಮಂದಿಯೂ ಒಟ್ಟಿಗೆ ಬಿಡುವವರೇ. ಬಿಟ್ಟರೆ ನಮಗೆ ಉಳಿಯುವುದು ಲಾರಿ. ಹಳೆಯ ಲಾರಿ ಮಾಲೀಕರು ಯಾವಾಗ ಬರುತ್ತೀ ಎಂದು ಆಗಾಗ ಕೇಳುತ್ತಲೇ ಇದ್ದರು.

ಆ ದಿನಗಳಲ್ಲಿ ನಾನು ಮಾಡುತ್ತಿದ್ದುದನ್ನೂ ಹೇಳಬೇಕು. ಗಾಡಿಗೆ ಯಾರದೋ ದೃಷ್ಟಿ ತಾಗಿದೆ ಎಂದು ನನಗೆ ಖಾತ್ರಿಯಾಗಿತ್ತು. ಮನೆಗೆ ಬಂದ ದಿನದಿಂದ ಪ್ರತಿ ಸೋಮವಾರ ಅದರ ಬಾನೆಟ್ಟು ಎತ್ತಿಸಿ ಪೂಜೆ ಮಾಡುತ್ತಿದ್ದೆ. ಸೀಟಿ ಹತ್ತಿದ ಮೇಲೆ ಗುರುವಾರವೂ ಮಾಡಿದೆ. ಸೀಟಿ ಏರಿತು. ನಾನು ಒಡೆಯುವ ಟೆಂಗಿನಕಾಯಿ ಹೆಚ್ಚಿಸಿದೆ.

ಹುಮನಾಬಾದಿನಲ್ಲಿ ಒಬ್ಬ ಹೆಣ್ಣುಮಗಳು ಈ ಸದ್ದು ತೆಗೆಯುತ್ತಾಳೆ ಎಂದು ಜೀಪಿನವರೊಬ್ಬರು ಹೇಳಿದಾಗ ಯಜಮಾನರಿಗೆ ನಂಬಿಕೆ ಬರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಒಬ್ಬರೇ ಹೋಗಲಿಕ್ಕೆ ಸಂಕೋಚವಾಗಿ, ನೀನೂ ಬಾ ಎಂದರು. ಶನಿವಾರ ಮಧ್ಯಾಹ್ನ ಹೋದೆವು.

ನಾನು ಅಕ್ಕನನ್ನು ಮೊದಲು ನೋಡಿದ್ದು ಯಾರದೋ ಕಾರಿನ ಡ್ರೈವರ್ ಸೀಟಿನಲ್ಲಿ, ಕಣ್ಣು ಮುಚ್ಚಿ ಕೂತಿದ್ದರು. ಅರವತ್ತರ ಹತ್ತಿರದವರು. ತೊಗರಿ ಕೊಯ್ಯಲು ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಟೆಸ್ಟರು. ಪಕ್ಕದಲ್ಲಿ ನಿಂತ ಕಾರಿನ ಮಾಲೀಕನಿಗೆ ಸಿಟ್ಟು ಬಂದಿತ್ತು. ಸದ್ದು ಹುಡುಕುವುದು ಯಾಕೆ, ಬೇಸು ಜೋರು ಮಾಡಿಬಿಡಿ, ಅದರೊಳಗೆ ಮುಚ್ಚಿಹೋಗುತ್ತದೆ ಎನ್ನುತ್ತಿದ್ದ. ಅಕ್ಕ ಕಣ್ಣು ತೆರೆಯದೆ ಹೇಳಿದರು, "ಮುಚ್ಚೋದು ನನ್ನ ಕೆಲಸ ಅಲ್ರಿ ಸಾಹೇಬ್ರ. ಮುಚ್ಚೋರು ಮುಂದಿನ ಓಣ್ಯಾಗ ಅದಾರ, ಹೋಗ್ರಿ."

ಅವನು ಹೋಗಲಿಲ್ಲ. ನಮ್ಮ ಸರತಿ ಬರುವ ತನಕ ಕೂತು ನೋಡಿದೆ. ತಗಡಿನ ಗೋಡೆಯ ಮೇಲೆ ಬುದ್ಧನ ಪಟ. ಅದರ ಕೆಳಗೆ ಬಣ್ಣಬಣ್ಣದ ವೈರಿನ ಸುರುಳಿಗಳನ್ನು ಬಳೆಯಂಗಡಿಯ ಹಾಗೆ ಸಾಲಾಗಿ ನೇತುಹಾಕಿದ್ದರು. ಚಿತಗುಪ್ಪಿ ಕಡೆಯ ಬೇಮಳಖೇಡ ಅಕ್ಕನ ಊರು, ಕೂಲಿ ಮಾಡುವವರ ಮನೆ. ಗಂಡ ಮದುವೆ ಮುಂಜಿಗೆ ಭೊಂಗಾ ಅಂದರೆ ಕಹಳೆಯಂಥ ಸ್ಪೀಕರು, ಮೈಕು ಬಾಡಿಗೆಗೆ ಕೊಡುತ್ತಿದ್ದರು. ಅವರು ಕಂಬ ಹತ್ತಿ ಭೊಂಗಾ ಕಟ್ಟಿದರೆ ಇವರು ಕೆಳಗೆ ನಿಂತು ಗುಂಯ್‌ಗುಟ್ಟುವುದು ಎಲ್ಲಿಂದ ಎಂದು ಹೇಳುತ್ತಿದ್ದರಂತೆ. ಹೇಳಿದ್ದು ಒಮ್ಮೆಯೂ ಸುಳ್ಳಾಗದ್ದಕ್ಕೆ ಗಂಡನೇ ಅಂಗಡಿ ಹಾಕಿಕೊಟ್ಟು, ತಾನು ಊರಲ್ಲಿ ಆಡು ಸಾಕಿಕೊಂಡು ಕೂತರು. ಅಕ್ಕ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಮ್ಮ ಗಾಡಿಗೆ ಬಂದಾಗ ಯಜಮಾನರು ವಾಡಿಕೆಯಂತೆ ಭಜನೆ ಹಚ್ಚಿದರು. ಅಕ್ಕ ಕೈಚಾಚಿ ಬಂದ್ ಮಾಡಿದರು. ಹಾಡು ಹಚ್ಚಿ ನೋಡಬಾರದು, ಹಾಡು ಎಲ್ಲವನ್ನೂ ಮುಚ್ಚುತ್ತದೆ, ಟೇಪು ಚಾಲೂ ಇಟ್ಟು ಸುಮ್ಮನಿದ್ದಾಗ ಕೇಳಬೇಕು ಎಂದರು. ಇಂಜಿನ್ ಸುರು ಮಾಡಿಸಿದರು. ಸೀಟಿ ಬಂತು. ಲೈಟು ಆರಿಸಿದರು, ಫ್ಯಾನು ನಿಲ್ಲಿಸಿದರು, ಮೊಬೈಲಿನ ಚಾರ್ಜರು ಕಿತ್ತರು. ಒಂದೊಂದು ತೆಗೆದಾಗಲೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅಕ್ಕಿ ಆರಿಸುವಾಗ ಇಷ್ಟು ನಿಗಾ ಇಟ್ಟವಳಲ್ಲ. ಹಿಂದಿನವನು ಹಾಕಿದ ಫಿಲ್ಟರಿನ ಡಬ್ಬಿಯನ್ನೂ ಬಿಚ್ಚಿ ಸೀಟಿನ ಮೇಲಿಟ್ಟರು. ಸೀಟಿ ಇದ್ದೇ ಇತ್ತು.

ಆಮೇಲೆ ಎರಡೂ ತುದಿಗೆ ಚಿಮುಟಿಗಿಯಂಥ ಕ್ಲಿಪ್ಪು ಇದ್ದ ಒಂದು ದಪ್ಪ ಕರಿ ವೈರು ತಂದರು. ಬಾನೆಟ್ಟು ಎತ್ತಿ, ಒಂದು ತುದಿಯನ್ನು ಬ್ಯಾಟರಿಯ ಕರಿ ವೈರಿನ ಕಡೆಗೆ ಕಚ್ಚಿಸಿ ಇನ್ನೊಂದನ್ನು ಗಾಡಿಯ ಮೈಗೆ ಮುಟ್ಟಿಸಿದರು. ಸೀಟಿ ಪಕ್ಕನೆ ನಿಂತಿತು. ತೆಗೆದರು, ಬಂತು. ಮುಟ್ಟಿಸಿದರು, ನಿಂತಿತು. ಯಜಮಾನರ ಬಾಯಿ ತೆರೆದೇ ಇತ್ತು. ಬ್ಯಾಟರಿಯ ಕರಿ ವೈರು ಗಾಡಿಯ ಮೈಗೆ ಸೇರುವಲ್ಲಿ ಒಂದು ದುಂಡನೆಯ ನಟ್ಟಿರುತ್ತದೆ, ಅರ್ಥಿಂಗಿನದು. ಅಕ್ಕ ಆ ನಟ್ಟನ್ನು ಹುಡುಕುತ್ತ ಬಗ್ಗಿದರು. ನಿಧಾನಕ್ಕೆ ತಲೆ ಎತ್ತಿ ನನ್ನ ಹಣೆಯ ವಿಭೂತಿ ನೋಡಿದರು.

"ಅಣ್ಣಾರ, ಜರಾ ಚಾ ಹೇಳಿ ಬರ್ರಿ" ಎಂದು ಯಜಮಾನರನ್ನು ಕಳಿಸಿದರು. ಅವರು ಮೂಲೆ ದಾಟುವ ತನಕ ಕಾಯ್ದು ನನ್ನನ್ನು ಹತ್ತಿರ ಕರೆದರು.

"ತಂಗೀ, ಪೂಜಿ ಯಾರ ಮಾಡ್ತೀರಿ?"

"ನಾನೇ ಮಾಡ್ತೀನ್ರಿ ಅಕ್ಕಾ."

"ಟೆಂಗಿನ ನೀರೂ ಇದಕ್ಕೇ ಹಾಕ್ತೀರಿ?"

"ಹೌದ್ರಿ. ದುಂಡಗ ಹಣಿ ಹಂಗ ಕಾಣ್ತದಲ್ರಿ, ಅದಕ್ಕ."

ಬಗ್ಗಿ ನೋಡಿದೆ. ನಾನು ವರ್ಷವಿಡೀ ಹಚ್ಚಿದ ಅರಿಸಿನ, ಕುಂಕುಮ, ವಿಭೂತಿ ಒಂದರ ಮೇಲೊಂದು ಕೂತು ನಟ್ಟು ಕಾಣದಂತಾಗಿತ್ತು. ಅಕ್ಕ ತುರುಬಿನ ಟೆಸ್ಟರು ತೆಗೆದು ಅಂಚನ್ನು ಸ್ವಲ್ಪ ಕೆದರಿದರು. ಒಳಗೆ ಹಸಿರು, ಬಿಳಿ ಕಿಲುಬು. ಟೆಂಗಿನ ನೀರು ಅಷ್ಟೂ ಅಲ್ಲೇ ಇಳಿದಿತ್ತು.

ಅವರು ನಗಲಿಲ್ಲ. ನಕ್ಕಿದ್ದರೆ ನಾನು ಅಳುತ್ತಿದ್ದೆನೋ ಏನೋ. "ಹಣಿ ಹಂಗೇ ಅದ, ಖರೆ" ಎಂದರು. "ಆದ್ರ ಇದು ಬಾಗಲಾ ತಂಗೀ. ಗಾಡ್ಯಾಗಿನ ಕರೆಂಟೆಲ್ಲಾ ಕೆಲಸಾ ಮುಗಿಸಿ ತಿರುಗಿ ಮನಿಗಿ ಬರೋದು ಇಲ್ಲಿಂದ್ಲೇ. ಬಾಗಲಾ ಮುಚ್ಚಿದ್ರ ಅದು ಬ್ಯಾರೆ ದಾರಿ ಹಿಡೀತದ, ಟೇಪಿನ ವೈರಿನಾಗಿಂದ ಬರತದ. ಹಂಗ ಬರುವಾಗ ಗದ್ಲಾ ಮಾಡ್ತದ. ಅದೇ ಈ ಸೀಟಿ."

ಯಜಮಾನರು ದಿನಾ ಮನೆಗೆ ತಿರುಗಿ ಬರಲಿ ಎಂದೇ ನಾನು ಆ ಪೂಜೆ ಮಾಡುತ್ತಿದ್ದದ್ದು. ಲಾರಿಯ ದಾರಿ ತೆರೆದದ್ದೂ ನನ್ನ ಕೈಯೇ. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ? ಗೋಡೆಯ ಪಟ ನೋಡಿ ಮನಸ್ಸಿನಲ್ಲಿ ಒಂದು ಕೆಟ್ಟ ಮಾತೂ ಬಂತು. ನಮ್ಮ ಪೂಜೆ ಇವರಿಗೇನು ಗೊತ್ತು ಎಂದು. ಆಡಲಿಲ್ಲ, ಶಿವ ಕಾಪಾಡಿದ. ಆದರೆ ಮುಖದಲ್ಲಿ ಕಂಡಿರಬೇಕು. ಅಕ್ಕ ತಾವೇ ಹೇಳಿದರು. ಇಂಥ ಗಾಡಿ ತಿಂಗಳಿಗೆ ಎರಡು ಮೂರು ಬರುತ್ತವಂತೆ. ಒಮ್ಮೆ ಒಬ್ಬರಿಗೆ ಹೇಳಿದ್ದಕ್ಕೆ ಅವರು, ನಮ್ಮ ದೇವರಿಗೆ ಹೀಗಂದಳು ಎಂದು ನಾಲ್ಕು ಮಂದಿಯನ್ನು ಕರೆತಂದು ಗದ್ದಲ ಮಾಡಿದ್ದರಂತೆ. ಅಂದಿನಿಂದ ಅಕ್ಕ ಯಾರಿಗೂ ಹೇಳದೆ ಒರೆಸಿ ಕೊಟ್ಟುಬಿಡುತ್ತಿದ್ದರು. ಆರು ತಿಂಗಳಿಗೆ ಅದೇ ಗಾಡಿ ಅದೇ ಸೀಟಿಯೊಂದಿಗೆ ತಿರುಗಿ ಬರುತ್ತಿತ್ತು.

"ಮತ್ತ ನನಗ್ಯಾಕ ಹೇಳಿದ್ರಿ?" ಎಂದೆ.

"ಗಾಡಿ ತಗೊಂಡು ಡ್ರೈವರ ಅಷ್ಟೇ ಬರ್ತಾನ. ಪೂಜಿ ಮಾಡಾಕಿ ಇವತ್ತೇ ಬಂದದ್ದು" ಎಂದರು.

ಆ ಒಂದು ಮಾತಿಗೆ ನನ್ನ ಸಿಟ್ಟು ಇಳಿಯಿತು. ಇಷ್ಟು ವರ್ಷ ಯಾರಿಗೆ ಹೇಳಬೇಕಾಗಿತ್ತೋ ಅವರು ಅಂಗಡಿಗೆ ಬಂದೇ ಇರಲಿಲ್ಲ. ಅಕ್ಕ ಧೈರ್ಯ ಮಾಡಿ ಹೇಳಿದ್ದಾರೆ, ಕೇಳುವ ಧೈರ್ಯ ನನಗಿರಬೇಡವೇ?

ಅಕ್ಕ ವೈರು ಸಡಿಲಿಸಿ, ಪಕ್ಕದ ಚಹಾದವನಿಂದ ಅಡುಗೆ ಸೋಡಾ, ಬಿಸಿನೀರು ತರಿಸಿದರು. ತುಕ್ಕು ತಿಕ್ಕುವ ಪಾಲಿಶ್ ಪೇಪರು ಹರಿದು ನನ್ನ ಕೈಗೆ ಕೊಟ್ಟರು. ನಾನು ತಿಳಿಯದೆ ಅವರ ಮುಖ ನೋಡಿದೆ. "ನೀವು ಹಚ್ಚಿದ್ದು ನಾ ಅಳಸಬಾರ್ದು. ನೀವೇ ತಿಕ್ರಿ" ಎಂದರು. ಬೇರೆಯವರಾಗಿದ್ದರೆ ಎರಡು ನಿಮಿಷದಲ್ಲಿ ಕೆರೆದು ಎಸೆಯುತ್ತಿದ್ದರು. ನಾನು ಮನಸ್ಸಿನಲ್ಲಿ ಶಿವಾ ಶಿವಾ ಎನ್ನುತ್ತ ತಿಕ್ಕಿದೆ. ಸೋಡಾ ನೊರೆಯಾಯಿತು. ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು, ಕೊನೆಗೆ ಬೆಳ್ಳಗೆ ಲೋಹ. ತೊಳೆದ ನೀರನ್ನು ಅಕ್ಕ ಗಟಾರಿಗೆ ಚೆಲ್ಲಗೊಡಲಿಲ್ಲ. ಅಂಗಡಿಯ ಪಕ್ಕದ ಬೇವಿನ ಗಿಡದ ಬುಡಕ್ಕೆ ಹಾಕಿಸಿದರು. ಅದರಲ್ಲಿ ನಿಮ್ಮ ಕುಂಕುಮ ಇದೆಯಲ್ಲ ಎಂದರು. ಆ ನಟ್ಟಿನ ಮೇಲೆ ಗ್ರೀಸು ಸವರಿ ಬಿಗಿದದ್ದು ಮಾತ್ರ ಅವರ ಕೈ.

ಚಹಾ ಹಿಡಿದು ಬಂದ ಯಜಮಾನರು, ಮೊಣಕೈ ತನಕ ಕರಿಮಸಿಯಾಗಿ ಬಾನೆಟ್ಟಿನೊಳಗೆ ಬಗ್ಗಿದ್ದ ಹೆಂಡತಿಯನ್ನು ನೋಡಿ ದಂಗಾದರು. "ಅರ್ಥಿಂಗ್ ಜಂಗ್ ಹಿಡದಿತ್ತು ಅಣ್ಣಾರ, ತಂಗಿ ಸಾಫ್ ಮಾಡ್ಯಾಳ" ಎಂದಷ್ಟೇ ಅಕ್ಕ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗಾಡಿ ಸುರು ಮಾಡಿದರೆ ಟೇಪು ಚಾಲೂ ಇದೆಯೋ ಇಲ್ಲವೋ ತಿಳಿಯದಷ್ಟು ಶಾಂತ. ಆಕ್ಸಲರೇಟರ್ ಒತ್ತಿದರೂ ಶಾಂತ. ನಾನು ಅಕ್ಕನ ಪಕ್ಕಕ್ಕೆ ಸರಿದು ಮೆತ್ತಗೆ ಕೇಳಿದೆ, ಇನ್ನು ಎಲ್ಲಿ ಹಚ್ಚಲಿ, ಹಚ್ಚದೆ ಇರಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದು. ಅವರು ಒಂದು ಗಳಿಗೆ ವಿಚಾರ ಮಾಡಿದರು. ವೈರಿಗೆ ಗುರುತು ಹಾಕುವ ಹಳದಿ ಬಣ್ಣದ ಡಬ್ಬಿ ತಂದು, ಬಾನೆಟ್ಟಿನ ಒಳಗೆ ಮುಂದಿನ ತಗಡಿನ ಮೇಲೆ, ಎಲ್ಲ ವೈರುಗಳಿಂದ ದೂರ, ರೂಪಾಯಿಯಗಲದ ಒಂದು ಸುತ್ತು ಬರೆದರು. "ಇಲ್ಲಿ ಎಷ್ಟ ಬೇಕಾದಷ್ಟ ಹಚ್ರಿ. ನೀರಷ್ಟೇ ಗಾಲಿಗಿ ಹಾಕ್ರಿ." ಅಂಥ ಸುತ್ತು ಅವರು ಬರೆದದ್ದು ಅದೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಆ ಮೊದಲನೆಯದು ನಮ್ಮ ಗಾಡಿಯದು.

ಸೋಮವಾರ ಮುಂಜಾನೆ ಸುತ್ತಿನೊಳಗೆ ಕುಂಕುಮ ಇಟ್ಟು ಕಳಿಸಿದೆ. ಸಂಜೆಯ ತನಕ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಯಜಮಾನರು ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು. ಮುಂಜಾನೆ ವಾರ್ತೆ ಮುಗಿದು ಭಜನೆ ಹತ್ತುವ ನಡುವೆ, ರಾಜೇಶ್ವರ ದಾಟುವಾಗ, ಹೆಡ್‌ಮಾಸ್ತರರು ಮುಂದೆ ಬಗ್ಗಿ, "ಡ್ರೈವರ್ ಸಾಹೇಬ್ರ, ಟೇಪ್ ಬಂದ್ ಬಿತ್ತೇನ್ರಿ?" ಎಂದರಂತೆ. ಆ ಆರು ಮಂದಿಯಲ್ಲಿ ಇಬ್ಬರು ನಿವೃತ್ತರಾಗುವ ತನಕ ನಮ್ಮ ಗಾಡಿಯಲ್ಲೇ ಹೋದರು, ಉಳಿದವರು ಇಂದಿಗೂ ಹೋಗುತ್ತಾರೆ. ಲಾರಿ ಮಾಲೀಕರು ಕೇಳುವುದನ್ನು ಬಿಟ್ಟರು.

ಆ ಸೋಮವಾರವೇ ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ. ಅಕ್ಕ ಮುಚ್ಚಿಟ್ಟದ್ದು ನನ್ನ ಮಾನ. ಅದನ್ನು ತೆರೆಯುವುದು ನನ್ನ ಕೆಲಸ ಅನಿಸಿತು. ಅವರು ಬಹಳ ಹೊತ್ತು ನಕ್ಕು, "ಹಂಗಾದ್ರ ಆರತಿ ಮಾಡಿ ಮಾಡಿ ನನ್ನ ಲಾರಿಗಿ ಕಳಸಾಕಿದ್ದಿ" ಎಂದರು. ಇವತ್ತಿಗೂ ಹಬ್ಬಕ್ಕೊಮ್ಮೆ ಆ ಮಾತು ಆಡುತ್ತಾರೆ. ಆಡಲಿ.

ಆಮೇಲೆ ಹುಮನಾಬಾದಿಗೆ ಹೋದಾಗಲೆಲ್ಲ ಅಕ್ಕನ ಅಂಗಡಿಗೆ ಹೋಗುತ್ತಿದ್ದೆ. ಅವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಇಷ್ಟ, ಅದನ್ನು ಒಯ್ಯುತ್ತಿದ್ದೆ. ಮಸಿಯ ಕೈ ತೊಳೆದರೂ ಹೋಗುವುದಿಲ್ಲವೆಂದು ರೊಟ್ಟಿಯನ್ನು ಕಾಗದದಲ್ಲಿ ಹಿಡಿದು ಉಣ್ಣುತ್ತಿದ್ದರು. ಒಂದೇ ಡಬ್ಬಿಯಲ್ಲಿ ಇಬ್ಬರೂ ಉಂಡಿದ್ದೇವೆ. ನಮ್ಮ ಓಣಿಯಲ್ಲಿ ಅದಕ್ಕೂ ನಾಲ್ಕು ಮಾತು ಬಂದವು. ನಾನು ಉತ್ತರ ಕೊಡಲಿಲ್ಲ, ಡಬ್ಬಿ ಒಯ್ಯುವುದನ್ನು ಬಿಡಲೂ ಇಲ್ಲ. ಹೊಗಳಿದರೆ ಅಕ್ಕ ಎದ್ದು ಹೋಗಿ ಯಾವುದಾದರೂ ವೈರು ಸುಲಿಯುತ್ತಿದ್ದರು. ಡ್ರೈವರುಗಳಿಗೆ, ಮುಂದಿನ ಸಲ ಪೂಜೆ ಮಾಡುವವರನ್ನು ಕರೆದುಕೊಂಡು ಬನ್ನಿ ಎಂದು ಹೇಳತೊಡಗಿದ್ದರು. ಕೆಲವರು ನಕ್ಕರು, ಕೆಲವರು ಕರೆತಂದರು. ಬಂದ ಹೆಂಗಸರಿಗೆ ಪಾಲಿಶ್ ಪೇಪರು, ಗಾಡಿಗೆ ಹಳದಿ ಸುತ್ತು. ಗದ್ದಲ ಮಾಡಲು ಮತ್ತೆ ಯಾರೂ ಬರಲಿಲ್ಲ.

ಸುಮ್ಮನಿದ್ದಾಗ ಕೇಳಬೇಕು ಎಂದು ಅವರು ಟೇಪಿಗೆ ಹೇಳಿದ ಮಾತನ್ನು ನಾನು ಪೂಜೆಗೆ ಇಟ್ಟುಕೊಂಡಿದ್ದೇನೆ. ಮಂತ್ರ ಮುಗಿದ ಮೇಲೆ ಒಂದಿಷ್ಟು ಹೊತ್ತು ಏನೂ ಹೇಳದೆ ಕೂಡುತ್ತೇನೆ. ಮನಸ್ಸಿನ ಸೀಟಿ ಆಗ ಕೇಳುತ್ತದೆ.

ಅಂಗಡಿ ಮುಚ್ಚಿದ್ದು ಹೇಗೆಂದರೆ, ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಬ್ಬ ಗಿರಾಕಿ, ಸದ್ದು ಇನ್ನೂ ಇದೆ ಎಂದು ಪಟ್ಟು ಹಿಡಿದ. ಅಕ್ಕ ಮೂರು ಸಲ ಕಣ್ಣು ಮುಚ್ಚಿ ಕೇಳಿದರು, ಇಲ್ಲ ಎಂದರು. ಅವನು ಜಗಳಗಂಟ ಎಂದುಕೊಂಡರು. ಕೊನೆಗೆ ಪಕ್ಕದ ಚಹಾದವನನ್ನು ಕರೆದು ಕೂಡಿಸಿದರೆ, ಸಣ್ಣಗೆ ಸೀಟಿ ಬರುತ್ತಿದೆಯಲ್ಲ ಅಕ್ಕಾ ಎಂದನಂತೆ. ಆ ಗಿರಾಕಿಗೆ ಕೈಮುಗಿದು ಬೇರೆ ಅಂಗಡಿಗೆ ಕಳಿಸಿದರು. ಎಂಟು ದಿನದೊಳಗೆ ಕೈಯಲ್ಲಿದ್ದ ಗಾಡಿಗಳನ್ನು ಮುಗಿಸಿದರು. ಒಂದೊಂದರಲ್ಲೂ ಚಹಾದವನನ್ನು ಕೂಡಿಸಿ, ಅವನು ಇಲ್ಲ ಎಂದ ಮೇಲೆಯೇ ಹೊರಗೆ ಬಿಟ್ಟರು. ಆಮೇಲೆ ಬಾಗಿಲು ಎಳೆದರು.

ನಾನು ಸುದ್ದಿ ಕೇಳಿ ಫೋನು ಮಾಡಿ, ಕಣ್ಣು ಇದೆ, ಕೈ ಇದೆ, ಇನ್ನೊಬ್ಬರ ಕಿವಿ ಇಟ್ಟುಕೊಂಡು ನಡೆಸಬಹುದಲ್ಲ ಎಂದೆ. "ಸಣ್ಣ ಆವಾಜ್ ನನ್ನ ಕಿವಿಗಿ ಬೀಳವಲ್ದು ತಂಗೀ" ಎಂದರು. "ನನಗ ಕೇಳಲಿಲ್ಲಂತ ಅದು ಇಲ್ಲಂತ ಹ್ಯಾಂಗ ಹೇಳ್ಲಿ?" ದನಿಯಲ್ಲಿ ದುಃಖವಿರಲಿಲ್ಲ. ಹಿಂದೆ ಆಡು ಒದರುವುದು ಕೇಳುತ್ತಿತ್ತು.

ಹೋದ ವಾರ ಮಠಕ್ಕೆ ಹೋಗಿ ಬರುವಾಗ, ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹತ್ತಿರ ಮೋರಖಂಡಿಯ ಜೀಪೊಂದು ಬಾನೆಟ್ಟು ಎತ್ತಿ ನಿಂತಿತ್ತು. ಡ್ರೈವರು ನೀರು ಹಾಕುತ್ತಿದ್ದ. ಒಳಗೆ ಮುಂದಿನ ತಗಡಿನ ಮೇಲೆ ಹಳದಿ ಸುತ್ತು. ಬಣ್ಣ ಮಾಸಿತ್ತು, ನಡುವಿನ ಕುಂಕುಮ ಮಾತ್ರ ಅಂದು ಮುಂಜಾನೆಯದೇ. ಮುಂದಿನ ಸೀಟಿನಲ್ಲಿ ಕೂತಿದ್ದ ಅವನ ಹೆಂಡತಿಗೆ, ಇದನ್ನು ಯಾರು ಬರೆದರು ಎಂದು ಕೇಳಿದೆ. "ಯಾರ ಬರದಾರೋ ಗೊತ್ತಿಲ್ರಿ. ಗಾಡಿ ತಗೊಂಡಾಗಿಂದ ಅದ. ಗಾಡಿ ಪೂಜಿ ಇಲ್ಲೇ ಮಾಡಬೇಕಂತ್ರಿ" ಎಂದಳು, ಇಷ್ಟೂ ನಿಮಗೆ ತಿಳಿಯದೇ ಎನ್ನುವ ಹಾಗೆ ನನ್ನನ್ನು ನೋಡುತ್ತ. ನಾನು ಡ್ರೈವರನಿಗೆ ಒಂದು ಉಪಕಾರ ಕೇಳಿಕೊಂಡೆ. ಅವನಿಗೆ ವಿಚಿತ್ರ ಅನಿಸಿರಬೇಕು, ಆದರೂ ಮಾಡಿದ.

ಮನೆಗೆ ಬಂದು ಅಕ್ಕನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಕೇಳಿಸಿಕೊಂಡರು. ಸುತ್ತಿನ ಬಗ್ಗೆ ಒಂದು ಮಾತಿಲ್ಲ.

"ಆವಾಜ್ ಇತ್ತೇನು?" ಎಂದರು.

"ಇಲ್ರಿ ಅಕ್ಕಾ. ಇಂಜಿನ್ ಸುರು ಮಾಡ್ಸಿ, ಹಾಡ ಬಂದ್ ಮಾಡ್ಸಿ, ಕಣ್ಣ ಮುಚ್ಚಿ ಕೇಳೇನಿ."

"ನೀ ಕೇಳಿದಿ ಅಂದ್ರ ಖರೆ" ಎಂದರು.

ಅವತ್ತು ದೀಪ ಹಚ್ಚಿ ಬೆರಳು ಮಡಿಸುವಾಗ, ಹಾಲಿಗಿಂತ ಮೊದಲು, ನಳಕ್ಕಿಂತ ಮೊದಲು, ಆ ಮಾತನ್ನು ಎಣಿಸಿದೆ.